ತೊಟ್ಟಿಲ ಕೌದಿಗೆ ಒಂಬತ್ತು ಚಕ್ರ

ನನ್ನ ಮೊಮ್ಮಗಳನ್ನು ಈ ಸಲ ಶಾಲೆಗೆ ಹಾಕಿದ್ದೇವೆ. ಸ್ಲೇಟನ್ನು ಎದೆಗೆ ಅವುಚಿಕೊಂಡು ಅವಳು ಹೊಸ್ತಿಲು ದಾಟಿದ್ದನ್ನು ನೋಡಿ ನಾನು ಓಣಿಯ ಮನೆಮನೆಗೂ ಹೋಗಿ ಬೆಲ್ಲ ಕೊಬ್ಬರಿ ಹಂಚಿ ಬಂದೆ. "ಏನಬೇ, ಮದಿವಿ ಗಿದಿವಿ ಮಾಡಾಕತ್ತೀ ಏನು ಕೂಸಿಂದು?" ಎಂದು ನಕ್ಕರು. ನಗಲಿ ಬಿಡಿ. ಆ ಕೂಸು ಬದುಕುತ್ತದೆಯೋ ಇಲ್ಲವೋ ಎಂದು ನಾನು ಎಷ್ಟು ಹೆದರಿದ್ದೆ ಎಂಬುದು ಅವರಿಗೇನು ಗೊತ್ತು? ಈಗ ಸಂತೋಷ ಉಕ್ಕಿ ಹೊರಗೆ ಚೆಲ್ಲುತ್ತಿದೆ, ಅದಕ್ಕೇ ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸು ಮುಗಿಸಿದ ಮೇಲೆ ಸೂಜಿ ಹಿಡಿದಷ್ಟು ಪೆನ್ಸಿಲು ಹಿಡಿದವಳಲ್ಲ ನಾನು. ಆದರೆ ಅವಳ ತೊಟ್ಟಿಲಿಗೆ ಹೊಲಿದ ಕೌದಿಯ ಒಂದೊಂದು ಹೊಲಿಗೆಯೂ ನೆನಪಿದೆ.

ನಮ್ಮ ಆದೋನಿಯನ್ನು ಬಳ್ಳಾರಿಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದ ಮರುವರ್ಷದ ಮಾತು. ನನ್ನ ಒಬ್ಬಳೇ ಮಗಳು ಮೂರನೆಯ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಮೊದಲಿನ ಎರಡೂ ಕೂಸುಗಳು ತೊಟ್ಟಿಲಲ್ಲೇ ಹೋದವು. ನಮ್ಮಲ್ಲಿ ತವರಿನವರು ತೊಟ್ಟಿಲಿನ ಜೊತೆಗೆ ಕೌದಿಯನ್ನೂ ಹೊಲಿದು ಕೊಡಬೇಕು. ಎರಡು ಸಲವೂ ನಾನೇ ಹೊಲಿದಿದ್ದೆ. ಓಣಿಯವರೆಲ್ಲ ಹಳೆಯ ಸೀರೆಗಳ ಗಂಟು ತಂದು ನನ್ನ ಮುಂದೆ ಇಡುತ್ತಾರೆ, ತುಂಡಿಗೆ ತುಂಡು ಕೂಡಿಸಿ ಹಾಸಿ ಹೊದೆಯುವ ಕೌದಿ ಹೊಲಿಯುವುದೇ ನನ್ನ ಕೆಲಸ. ಅಂಥ ನನ್ನ ಕೈಯಿಂದ ಆದ ಎರಡು ಪುಟ್ಟ ಕೌದಿಗಳನ್ನೂ ಅವಳ ಗಂಡನ ಊರಾದ ಮಾಧವರಂನಲ್ಲಿ ನನ್ನ ಬೀಗತಿ, ಎಂದರೆ ಮಗಳ ಅತ್ತೆ, ಹೊಳೆಯ ದಂಡೆಯಲ್ಲಿ ಸುಟ್ಟುಬಿಟ್ಟಿದ್ದರು. ಆಕೆಯ ತಪ್ಪಿಲ್ಲ. ಅವು ಮನೆಯಲ್ಲಿ ಇರಬಾರದು ಎಂದು ಎಲ್ಲರೂ ಹೇಳಿದ್ದರು. ಆದರೆ ಅಂದಿನಿಂದ ಸೂಜಿಗೆ ದಾರ ಪೋಣಿಸುವಾಗಲೆಲ್ಲ ನನ್ನ ಬೆರಳುಗಳ ಮೇಲೆ ನನಗೇ ಅನುಮಾನ.

ಈ ಸಲ ಬೀಗತಿ ಉರುಕುಂದ ಈರಣ್ಣನಿಗೆ ಹರಕೆ ಹೊತ್ತು ಬಂದು, ಮಗಳ ಕೈಯಲ್ಲಿ ತಮ್ಮ ಒಂದು ಸೀರೆಯ ಅರ್ಧವನ್ನು ಕಳಿಸಿದ್ದರು. ಕೆಂಪು ಸೀರೆ, ತೊಳೆದು ತೊಳೆದು ಬೆಣ್ಣೆಯಂತಾಗಿತ್ತು. ತಮ್ಮ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ಉಟ್ಟದ್ದಂತೆ. ಜೊತೆಗೆ ಒಂದು ಮಾತು: "ಕೌದಿ ತುಂಬ ಬಲಸುತ್ತಿನ ಚಕ್ರ ಇರಬೇಕು. ದೇವರಿಗೆ ಸುತ್ತು ಬರ್ತೀವಲ್ಲ, ಹಂಗ ತಿರುಗಬೇಕು."

ನಾವು ಹೊಲಿಯುವುದು ಚೌಕ, ಬಹಳವೆಂದರೆ ಮುಕ್ಕೋನ. ಚಕ್ರವೆಂದರೆ ಗಾಳಿಗೆ ತಿರುಗುವ ಗಿರಕಿಯಂತೆ ರೆಕ್ಕೆಗಳಿರಬೇಕು. ರೆಕ್ಕೆಗಳ ತುದಿಯೆಲ್ಲ ನಡುವೆ ಒಂದೇ ಚುಕ್ಕೆಯಲ್ಲಿ ಕೂಡಬೇಕು. ಕೈಯಂದಾಜಿನಲ್ಲಿ ಒಂದು ಮಾಡಿ ನೋಡಿದೆ. ಒಂದು ರೆಕ್ಕೆ ಮೊಂಡಾಯಿತು, ಇನ್ನೊಂದು ಸೊಟ್ಟಗಾಯಿತು. ಮಗಳು ನೋಡಿ, "ಯವ್ವಾ, ಇದು ಚಕ್ರಲ್ಲಬೇ, ಕಾಲು ಮುರದ ಏಡಿ" ಎಂದಳು. ತಿಂಗಳು ತುಂಬುತ್ತಿದ್ದ ಹೊಟ್ಟೆ ಹಿಡಿದುಕೊಂಡು ಈ ಸಲ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ.

ಆಗ ನಮ್ಮ ಓಣಿಯಲ್ಲಿ ಹೆಂಗಸರಿಗೆ ಹೊಲಿಗೆ ಕ್ಲಾಸು ನಡೆಯುತ್ತಿತ್ತು. ಕಲಿಸುವ ಟೀಚರಮ್ಮ ತೆಲುಗಿನವರು, ನಮ್ಮ ಕನ್ನಡವನ್ನೂ ತಮ್ಮ ತೆಲುಗನ್ನೂ ಕಲಸಿ ಮಾತಾಡುತ್ತಿದ್ದರು. ನನ್ನ ಏಡಿಯನ್ನು ನೋಡಿ, "ಕಾಗಿತಂ ಮ್ಯಾಲೆ ಹೊಲೀರಿ ಅಮ್ಮಾ, ಕಾಗದ ಹೇಳಿದಂಗ ಬಟ್ಟೆ ಕೇಳ್ತದೆ" ಎಂದರು.

ಕಾಗದದ ಮೇಲೆ ಹೊಲಿಯುವ ಕ್ರಮ ಹೀಗೆ. ಹಾಳೆಯ ಮೇಲೆ ಚಿತ್ರದ ಗೀಟು ಎಳೆದು, ಯಾವ ತುಂಡು ಮೊದಲು, ಯಾವುದು ಆಮೇಲೆ ಎಂದು ಅಂಕಿ ಹಾಕಬೇಕು. ಬಟ್ಟೆ ಕೂರುವುದು ಗೀಟಿಲ್ಲದ ಬೆನ್ನಿನ ಕಡೆ. ಮೊದಲ ತುಂಡಿನ ಮೇಲೆ ಎರಡನೆಯದನ್ನು ಮುಖಕ್ಕೆ ಮುಖ ಕೂಡಿಸಿ ಇಟ್ಟು, ಹಾಳೆಯನ್ನು ಮಗುಚಿ, ಗೀಟಿನ ಮೇಲೇ ಹೊಲಿಗೆ ಹಾಕಬೇಕು. ಮತ್ತೆ ಮಗುಚಿ, ಎರಡನೆಯ ತುಂಡನ್ನು ಬಿಡಿಸಿ ಉಗುರಿನಿಂದ ತೀಡಿದರೆ ಅಂಚು ಬಾಣದಂತೆ ನೇರ. ಹೀಗೆ ಅಂಕಿಯ ಪ್ರಕಾರ ಮುಗಿಸುತ್ತಾ ಹೋಗಿ, ಕೊನೆಗೆ ಹಾಳೆಯನ್ನು ಹರಿದು ತೆಗೆಯುವುದು. ಟೀಚರಮ್ಮ ಒಂದು ಹೂವನ್ನು ಹೊಲಿದು ತೋರಿಸಿದರು. ಎಸಳುಗಳ ತುದಿಯೆಲ್ಲ ನಡುವೆ ಕೂಡಿ ಎಷ್ಟು ಚೆಂದ ಬಂತೆಂದರೆ ನಾನು ಅವರ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ.

ಮನೆಯಲ್ಲಿ ಸಿಕ್ಕಿದ್ದು ಹಳೆಯ ಪೇಪರು. ಅದರಲ್ಲೇ ಸುರು ಮಾಡಿದೆ. ಬೀಗತಿಯ ಸೀರೆಗೆ ಕತ್ತರಿ ಹಾಕಲು ಧೈರ್ಯವಿರಲಿಲ್ಲ, ಚಿಂದಿಯಲ್ಲಿ ಕೈ ಪಳಗಿಸಿದೆ. ಮೊದಲ ತಪ್ಪು, ತುಂಡನ್ನು ಚಿತ್ರದ ಅಳತೆಗೇ ಕತ್ತರಿಸಿದ್ದು. ಹೊಲಿದು ಬಿಡಿಸಿದರೆ ಅಂಚು ಮುಟ್ಟದೆ ನಡುವೆ ಕಿಂಡಿ ಬಿತ್ತು. ಸುತ್ತಲೂ ಒಂದು ಬೆರಳು ಹೆಚ್ಚಿಗೆ ಬಿಡಬೇಕು, ಬಿಸಿಲಿಗೆ ಹಿಡಿದು ತುಂಡು ಗೀಟನ್ನು ದಾಟಿದೆಯೋ ಇಲ್ಲವೋ ನೋಡಬೇಕು ಎಂದು ಆಗ ತಿಳಿಯಿತು. ಎರಡನೆಯದು, ನನ್ನ ಕೈಗೆ ಕೌದಿಯ ಉದ್ದ ಹೊಲಿಗೆಯೇ ರೂಢಿ. ಹಾಳೆ ಹರಿಯುವಾಗ ದಾರವೂ ಕಿತ್ತು ಬಂತು. ಹೊಲಿಗೆ ಸಾಸಿವೆಯಷ್ಟು ಸಣ್ಣದಿದ್ದರೆ ಹಾಳೆ ತಾನಾಗಿ ತೂತುಬಿದ್ದು ಸಲೀಸಾಗಿ ಹರಿಯುತ್ತದೆ. ಪೇಪರಿನ ಮಸಿಯಂತೂ ನನ್ನ ಗಂಡನ ಧೋತರದ ಬಿಳಿ ಬಟ್ಟೆಗೆ ಹತ್ತಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಬಟ್ಟೆ ಅಂಗಡಿಯವರು ಸೀರೆ ಸುತ್ತಿಕೊಡುವ ತೆಳು ಹಾಳೆ ಬೇಡಿ ತಂದೆ.

ಈ ತಪ್ಪುಗಳಿಗೆ ನಾನು ಹೆದರಲಿಲ್ಲ. ಕಲಿಯುವಾಗ ಇವೆಲ್ಲ ಇದ್ದದ್ದೇ. ಹೆದರಿಕೆ ಮುಂದೆ ಕಾದಿತ್ತು.

ಕೈ ಕೂತ ಮೇಲೆ ದೇವರ ಮುಂದೆ ಸೀರೆಯನ್ನಿಟ್ಟು ಕತ್ತರಿ ಹಾಕಿದೆ. ಸಾಲಿಗೆ ಮೂರರಂತೆ ಒಂಬತ್ತು ಚಕ್ರ. ಒಂದೊಂದು ಚಕ್ರಕ್ಕೆ ನಾಲ್ಕು ಹಾಳೆ, ಒಂದೊಂದು ಹಾಳೆಗೆ ಒಂದು ಕೆಂಪು ರೆಕ್ಕೆ, ಅದರ ಎರಡೂ ಕಡೆ ಬಿಳಿ. ಗೀಟುಗಳನ್ನು ಬಲಸುತ್ತಿಗೇ ಎಳೆದೆ, ಎಳೆದು ಮತ್ತೆ ಮತ್ತೆ ಬೆರಳಾಡಿಸಿ ನೋಡಿಕೊಂಡೆ. ಅಕ್ಕಪಕ್ಕದ ತುಂಡುಗಳು ಕೂಡುವ ತನಕ ಹಾಳೆ ಹರಿಯಬೇಡಿ, ಬಟ್ಟೆ ಜಗ್ಗಾಡುತ್ತದೆ ಎಂದು ಟೀಚರಮ್ಮ ಹೇಳಿದ್ದರಿಂದ ಯಾವುದನ್ನೂ ಹರಿಯಲಿಲ್ಲ. ನಾಲ್ಕು ನಾಲ್ಕು ಕೂಡಿಸಿ ಚಕ್ರ ಮಾಡಿ, ಬಿಸಿನೀರಿನ ತಂಬಿಗೆಯಿಂದ ಒತ್ತಿ, ಗೀಟಿನ ಮುಖ ಮೇಲೆ ಮಾಡಿ ಒಂದರ ಮೇಲೊಂದು ಪೇರಿಸಿದೆ. ಮೇಲಿನಿಂದ ನೋಡಿದರೆ ಎಲ್ಲ ಬಲಕ್ಕೆ ತಿರುಗುವ ಗೀಟುಗಳೇ. ಒಂಬತ್ತೂ ಮುಗಿದ ಸಂಜೆ ತಡೆಯಲಾರದೆ ಮೇಲಿನ ಒಂದರ ಹಾಳೆಯನ್ನು ಹರಿದೆ. ಮಗುಚಿ ನೆಲದ ಮೇಲೆ ಹಾಸಿದೆ. ರಂಗೋಲಿ ಹಾಕಿದ ಮೇಲೆ ಎಳೆಯ ಜಾಡಿನಲ್ಲಿ ಬೆರಳಾಡಿಸುವುದು ನನ್ನ ಚಾಳಿ. ಹಾಗೇ ರೆಕ್ಕೆಯ ಜಾಡು ಹಿಡಿದು ಬೆರಳು ಓಡಿಸಿದೆ.

ಬೆರಳು ಎಡಕ್ಕೆ ಸುತ್ತಿತು.

ಇನ್ನೊಂದನ್ನು ಎತ್ತಿ ಬಟ್ಟೆಯ ಮುಖ ನೋಡಿದೆ. ಎಡಕ್ಕೆ. ಮತ್ತೊಂದು, ಅದೂ ಎಡಕ್ಕೆ. ಒಂಬತ್ತೂ ಎಡಕ್ಕೆ. ನಾವು ಎಡಸುತ್ತು ಸುತ್ತುವುದು ಒಂದೇ ಕಡೆ, ಚಿತೆಗೆ. ತೊಟ್ಟಿಲಿಗೆ ನಾನು ಅದನ್ನು ಹೊಲಿದು ಕೂತಿದ್ದೆ.

ಹೇಗಾಯಿತು ಎಂಬುದನ್ನು ಈಗ ಯಾರಿಗಾದರೂ ಹೇಳಬಲ್ಲೆ. ಕೌದಿ ಹೊಲಿಯುವವರು ಬಟ್ಟೆಯ ಮುಖವನ್ನು ಕಣ್ಣೆದುರಿಗೇ ಇಟ್ಟುಕೊಂಡು ಹೊಲಿಯುತ್ತೇವೆ. ಇಟ್ಟದ್ದು ಇಟ್ಟ ಹಾಗೆ ಕಾಣುತ್ತದೆ. ಬೆನ್ನಿನ ಕಡೆ ಏನಿದೆ ಎಂಬ ಲೆಕ್ಕ ನಮಗೆ ಯಾವತ್ತೂ ಬಂದಿಲ್ಲ. ಕಾಗದದ ಹೊಲಿಗೆಯಲ್ಲಿ ಗೀಟು ಒಂದು ಕಡೆ, ಬಟ್ಟೆ ಇನ್ನೊಂದು ಕಡೆ. ಕನ್ನಡಿಯಲ್ಲಿ ನೋಡಿದಂತೆ ಎಲ್ಲ ಅದಲುಬದಲು. ಟೀಚರಮ್ಮ ಕಲಿಸಿದ ಹೂವು ಯಾವ ಕಡೆಯಿಂದ ನೋಡಿದರೂ ಹೂವೇ, ಅದಕ್ಕೆ ಎಡ ಬಲ ಇರಲಿಲ್ಲ. ಅದಕ್ಕೇ ಈ ಮಾತು ಅವರ ಬಾಯಲ್ಲಿ ಬರಲಿಲ್ಲ, ನನ್ನ ತಲೆಗೂ ಹೊಳೆಯಲಿಲ್ಲ. ಇದು ಈಗಿನ ತಿಳಿವಳಿಕೆ. ಆ ಹೊತ್ತಿಗೆ ಅನಿಸಿದ್ದು ಒಂದೇ: ನನ್ನ ಕೈಯೇ ಸರಿಯಿಲ್ಲ, ಎರಡನ್ನು ನುಂಗಿದ ಕೈ ಮೂರನೆಯದಕ್ಕೂ ಬಾಯಿ ತೆರೆದಿದೆ.

ಎಲ್ಲವನ್ನೂ ಬುಟ್ಟಿಗೆ ತುರುಕಿ ಮೇಲೆ ಚಿಂದಿ ಮುಚ್ಚಿದೆ. ಅಷ್ಟರಲ್ಲಿ ಮಗಳು ಗೋಡೆ ಹಿಡಿದುಕೊಂಡು ಬಂದಳು.

"ಮುಗೀತೇನಬೇ? ತೋರ್ಸು."

"ಮುಗಿಯೂಮಟ ಬಸುರೇರು ನೋಡಬಾರದು."

"ಅದ್ಯಾವ ಶಾಸ್ತ್ರ? ಹೋದ ಸಲ ನಾನೇ ದಾರ ಪೋಣಿಸಿ ಕೊಟ್ಟಿದ್ದೆ" ಎಂದವಳು, ಹೋದ ಸಲ ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಯವ್ವಾ, ಇದು ಇವತ್ತು ಒಮ್ಮಿನೂ ಒದ್ದಿಲ್ಲ" ಎಂದಳು. ನಾನು ಒಲೆಯ ಕಡೆ ತಿರುಗಿ ಊದುಗೊಳವೆ ಹಿಡಿದೆ. ಒಲೆಯಲ್ಲಿ ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು.

ಮರುದಿನ ಬುಟ್ಟಿ ಹೊತ್ತು ಟೀಚರಮ್ಮನ ಹತ್ತಿರ ಓಡಿದೆ. ಅವರು ಮೊದಲು, "ಎಂದುಕಮ್ಮಾ, ಯಾಕಿಷ್ಟು ಭಯಂ? ಚಕ್ರ ಚಕ್ರನೇ ಕದಾ" ಎಂದು ನಕ್ಕರು. ಎರಡು ಕೂಸುಗಳ ಸಂಗತಿ ಹೇಳಿದೆ. ಅವರ ನಗು ನಿಂತಿತು. ತಾವೇ ಒಂದು ರೆಕ್ಕೆಯ ಹೊಲಿಗೆ ಬಿಚ್ಚಲು ನೋಡಿದರು. ಸಣ್ಣ ಹೊಲಿಗೆ, ಹಳೆಯ ಸೀರೆ. ದಾರ ಎಳೆದ ಕಡೆಯೆಲ್ಲ ಎಳೆಗಳು ಜಾಳಾಗಿ ಬಟ್ಟೆಯೇ ಹರಿಯಿತು. ಬಿಚ್ಚಿ ಹೊಲಿಯುವ ಮಾತಿಲ್ಲ. ಮಗುಚಿ ಹಾಸಿದರೆ ಬಲಕ್ಕೇನೋ ತಿರುಗುತ್ತದೆ, ಆದರೆ ಆ ಕಡೆ ಬರೀ ಹೊಲಿಗೆಯ ಅಂಚುಗಳು, ಕೂಸಿನ ಮೈ ಗೀರುತ್ತವೆ.

"ಹೊಸದಾಗಿ ಮಾಡೋದೇ ದಾರಿ ಅಮ್ಮಾ" ಎಂದರು.

"ಸೀರಿ ಎಲ್ಲಿಂದ ತರಲ್ರೀ? ಉಳಿದದ್ದು ಬರೀ ಅಂಚು. ಇನ್ನರ್ಧ ಆಕಿ ಹತ್ರ ಐತಿ."

"ಅಡಗಂಡಿ. ಕೇಳ್ರಿ ಅವರನ್ನ."

ಕೇಳುವುದು! ಸೂಜಿಯಿಂದ ಕಣ್ಣು ಚುಚ್ಚಿಕೋ ಎಂದಂತಾಯಿತು. ಬೇರೆ ಕೆಂಪು ಬಟ್ಟೆ ತಂದು ಹೊಲಿದರೆ ಯಾರಿಗೂ ತಿಳಿಯದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಆದರೆ ಆ ಸೀರೆಯ ಮೇಲೆ ಆಕೆ ಹರಕೆ ಹೊತ್ತಿದ್ದಾರೆ. ನಾಳೆ ಕೂಸಿಗೆ ಸ್ವಲ್ಪ ಮೈ ಬೆಚ್ಚಗಾದರೂ ನನ್ನ ಮನಸ್ಸು ಆ ಕಳ್ಳ ಬಟ್ಟೆಯ ಹತ್ತಿರವೇ ಓಡುತ್ತದೆ. ಮನೆಗೆ ಬಂದವಳು ಗಂಡನಿಗೆ ಎಲ್ಲ ಹೇಳಿದೆ. ಹತ್ತಿಯ ಮಿಲ್ಲಿನಲ್ಲಿ ಅವರ ಕೆಲಸ. ಮಾಧವರಂ ಕಡೆಯಿಂದ ಹತ್ತಿ ತರುವ ಗಾಡಿಯವರ ಕೈಯಲ್ಲಿ ಹೇಳಿಕಳಿಸಿದೆವು: ಚಕ್ರ ಎಡಕ್ಕೆ ಬಂದಾವ, ಸೀರಿ ಉಳಿದಿದ್ದರ ಕಳಿಸ್ರಿ.

ಸೀರೆ ಬರುವ ತನಕ ಗೀಟು ಸರಿ ಮಾಡೋಣ ಎಂದರು ಟೀಚರಮ್ಮ. ಅವರ ಉಪಾಯ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಬಲಸುತ್ತಿನ ಒಂದು ಹಾಳೆಯ ಕೆಳಗೆ ಖಾಲಿ ಹಾಳೆಗಳನ್ನು ಜೋಡಿಸಿ, ಕೈ ಮಿಷಿನ್ನಿನಿಂದ ದಾರ ತೆಗೆದು, ಬರೀ ಸೂಜಿಯನ್ನು ಗೀಟಿನ ಮೇಲೆ ಓಡಿಸಿದರು. ರಂಗೋಲಿಯ ತೂತಿನ ಹಾಳೆಯಂತೆ ಎಲ್ಲ ಹಾಳೆಗಳಲ್ಲೂ ಗೀಟು ಮೂಡಿತು, ಎರಡೂ ಕಡೆಯಿಂದ ಕಾಣುವ ಹಾಗೆ. ಬಲಕ್ಕೆ ತಿರುಗಿ ಕಾಣುವ ಮುಂದಿನ ಕಡೆಗೆ ಬಟ್ಟೆ, ಬೆನ್ನಿನ ಕಡೆಯಿಂದ ಹೊಲಿಗೆ. ಅಂಕಿಯೂ ಬೆನ್ನಿಗೇ. ಇದೇ ಕ್ರಮದಲ್ಲಿ ಚಿಂದಿಯ ಒಂದು ಚಕ್ರ ಮಾಡಿ ಬೆರಳಾಡಿಸಿದೆ. ಬಲಕ್ಕೆ ಸುತ್ತಿತು. ಟೀಚರಮ್ಮನ ಎದುರಿಗೇ ಅತ್ತುಬಿಟ್ಟೆ.

ಸೀರೆ ಬರಲಿಲ್ಲ. ಬೀಗತಿಯೇ ಬಂದರು. ಎತ್ತಿನ ಗಾಡಿಯಿಂದ ಇಳಿದು, ಕಾಲಿಗೆ ನೀರು ಕೊಡುವುದಕ್ಕೂ ಬಿಡದೆ, "ತೋರಸ್ರಿ" ಎಂದರು. ಬುಟ್ಟಿಯನ್ನು ಮುಂದಿಟ್ಟೆ. ಹಾಳೆ ಹರಿದಿದ್ದ ಆ ಒಂದು ಚಕ್ರವನ್ನು ಎತ್ತಿ ತೊಡೆಯ ಮೇಲೆ ಹಾಸಿಕೊಂಡು ಬಹಳ ಹೊತ್ತು ನೋಡಿದರು.

"ಸುಟ್ಟು ಬಿಡ್ತೀನ್ರಿ ಅಕ್ಕ, ಇವತ್ತ ಸುಡ್ತೀನಿ" ಎಂದೆ.

"ಸುಡಬ್ಯಾಡ್ರಿ. ಎರಡು ಸುಟ್ಟೀವಿ. ಸಾಕು." ಕಂಕುಳಲ್ಲಿದ್ದ ಗಂಟಿನಿಂದ ಉಳಿದರ್ಧ ಸೀರೆ ತೆಗೆದರು. ಕೊಡುವ ಮೊದಲು ಎರಡೆರಡು ಸಲ ಕಣ್ಣಿಗೆ ಒತ್ತಿಕೊಂಡು ಈರಣ್ಣನ ಹೆಸರು ಹೇಳಿದರು. ನನಗಷ್ಟೇ ಹೆದರಿಕೆ ಎಂದುಕೊಂಡಿದ್ದೆ ಅಲ್ಲಿಯ ತನಕ. "ನೀವು ಹೊಲೀರಿ, ನಾ ಕತ್ತರಿಸಿ ಕೊಡ್ತೀನಿ. ಎಷ್ಟು ಬಿಡಬೇಕು ಅಂಚಿಗೆ?"

"ಒಂದು ಬೆರಳು."

"ನಿಮ್ಮ ಬೆರಳೋ ನಮ್ಮ ಬೆರಳೋ? ನಮ್ದು ಒನಕಿ ಹಿಡದ ಬೆರಳು, ಎರಡರಷ್ಟು ಐತಿ."

ಇಬ್ಬರೂ ನಕ್ಕೆವು. ಐದು ಚಕ್ರಗಳಾಗುವ ತನಕ ಜೊತೆಯಲ್ಲಿ ಕೂತೆವು. ಐದನೆಯದನ್ನು ಒತ್ತುತ್ತಿದ್ದಾಗ ಒಳಗಿನಿಂದ ಮಗಳು ಕೂಗಿದಳು. ದಿನ ತುಂಬುವ ಮೊದಲೇ ಬೇನೆ ಬಂದಿತ್ತು. ನಾನು ಹಳೆಯದು ಹೊಸದು ಎಂದು ನೋಡದೆ ಎಲ್ಲವನ್ನೂ ಒಂದೇ ಬುಟ್ಟಿಗೆ ಬಾಚಿ ಎದ್ದು ಓಡಿದೆ.

ಸೂಲಗಿತ್ತಿ ಬಂದಳು. ಬೀಗತಿ ಹೊಸ್ತಿಲಲ್ಲಿ ಕೂತು ಈರಣ್ಣನನ್ನು ಕರೆಯುತ್ತಿದ್ದರು. ಹೊತ್ತು ಇಳಿಯುವಾಗ ಕೂಸು ಬಂತು. ಹೆಣ್ಣು. ಅಳಲಿಲ್ಲ. ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದಳು, ಬಾಯಲ್ಲಿ ಬೆರಳಾಡಿಸಿದಳು, ಮತ್ತೆ ತಟ್ಟಿದಳು. ಮಗಳು, "ಯಾಕ ಸುಮ್ಮಗೈತಿ? ಯವ್ವಾ, ಯಾಕ ಸುಮ್ಮಗೈತಿ?" ಎನ್ನುತ್ತಿದ್ದಳು. ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಅವಳ ಕಿವಿ ಮುಚ್ಚಿದೆ. ಏನನ್ನು ಕೇಳಿಸಬಾರದೆಂದು ಮುಚ್ಚಿದೆನೋ ಗೊತ್ತಿಲ್ಲ. ಆಗ ಬೆಕ್ಕಿನ ಮರಿಯಂಥ ಸಣ್ಣ ದನಿ. ಆಮೇಲೆ ಇನ್ನಷ್ಟು ದೊಡ್ಡದು. ಆಮೇಲೆ ಓಣಿಗೆಲ್ಲ ಕೇಳುವಂಥ ಅಳು! ಅಯ್ಯೋ, ಅಂಥ ಸಂಗೀತ ನಾನು ಈ ಜನ್ಮದಲ್ಲಿ ಕೇಳಿಲ್ಲ.

ಕೂಸು ಒಂದು ಹಿಡಿಯಷ್ಟಿತ್ತು. ಮುಂದಿನ ದಿನಗಳು ಬರೀ ಅದರ ಉಸಿರು ನೋಡುವುದರಲ್ಲೇ ಹೋದವು. ನಡುನಡುವೆ ಕೂತು ಉಳಿದ ಚಕ್ರಗಳನ್ನು ಹೊಲಿದೆ. ಹೊಸ ಹಾಳೆಗಳಲ್ಲಿ ಹೊಲಿಗೆಯ ಕಡೆಯಿಂದ ನೋಡಿದರೆ ಎಡಕ್ಕೆ, ಬಟ್ಟೆ ಬಲಕ್ಕೆ. ಹಳೆಯವು ತದ್ವಿರುದ್ಧ. ಕೂಸು ಕೆಮ್ಮಿದರೆ ಎಡ ಯಾವುದು ಬಲ ಯಾವುದು ಎಂಬುದೇ ಮರೆತುಹೋಗುತ್ತಿತ್ತು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಒಂಬತ್ತನ್ನೂ ಜೋಡಿಸಿ, ಹಾಳೆ ಹರಿದು, ಕೆಳಗೆ ಮೆತ್ತನೆಯ ಸೀರೆಗಳನ್ನು ಹಾಕಿ ದಾರ ಓಡಿಸಿದೆ. ಕೌದಿಯ ಹೊಟ್ಟೆ ಹಸಿದಿರಬಾರದೆಂದು ನಮ್ಮ ಮನೆಯಲ್ಲಿ ಕೊನೆಯ ಮೂಲೆ ಮುಚ್ಚುವ ಮೊದಲು ನಾಲ್ಕು ಕಾಳು ಜೋಳ ಇಡುತ್ತೇವೆ. ಆ ಕಾಳುಗಳನ್ನು ಬೀಗತಿಯ ಕೈಯಿಂದಲೇ ಹಾಕಿಸಿದೆ.

ಆ ಮೇಲಿನ ಹೆದರಿಕೆಗೆ ಲೆಕ್ಕವಿಲ್ಲ. ಮೊದಲನೆಯದು ಹೋದ ತಿಂಗಳು ದಾಟಿತು, ಎರಡನೆಯದು ಹೋದ ತಿಂಗಳೂ ದಾಟಿತು. ಹಲ್ಲು ಬಂತು. ನಡೆಯಿತು. ಓಣಿಯ ನಾಯಿಗಳನ್ನೆಲ್ಲ ಅಟ್ಟಾಡಿಸುವಂತಾಯಿತು.

ಮೊನ್ನೆ ಅವಳನ್ನು ಇಲ್ಲಿಯ ಶಾಲೆಗೆ ಹಾಕಲೆಂದು ಮಗಳು ಊರಿಂದ ಕರೆತಂದಾಗ ಬೀಗತಿಯೂ ಬಂದಿದ್ದರು. ಮಗಳು ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾವಿಬ್ಬರೂ ಹಳೆಯ ತೊಟ್ಟಿಲ ಕೌದಿಯನ್ನು ಬಿಸಿಲಿಗೆ ಹಾಸಿ, ಅಂಚು ಬಿಟ್ಟ ಕಡೆ ಹೊಲಿಯುತ್ತಾ ಕೂತಿದ್ದೆವು. ಕೂಸು ಬಳಪ ಹಿಡಿದು ಒಂದೊಂದೇ ಚಕ್ರದ ಮೇಲೆ ಗೀಚುತ್ತಾ ಬಂದಿತು. ಮೂಲೆಯ ಒಂದರ ಹತ್ತಿರ ನಿಂತಿತು.

"ಅಮ್ಮಮ್ಮಾ, ಇದೊಂದು ಯಾಕ ಆ ಕಡಿ ತಿರುಗೈತಿ?"

ಸೂಜಿ ನನ್ನ ಬೆರಳಿಗೆ ಚುಚ್ಚಿತು. ಬಗ್ಗಿ ನೋಡಿದೆ, ಬೆರಳಾಡಿಸಿದೆ. ಎಡಕ್ಕೆ! ಆ ಬುಟ್ಟಿಯ ಗಡಿಬಿಡಿಯಲ್ಲಿ ಹಳೆಯದೊಂದು ಸೇರಿಕೊಂಡುಬಿಟ್ಟಿದೆ. ಐದು ವರ್ಷ ಕೂಸು ಅದರ ಮೇಲೆ ಮಲಗಿದೆ! ಬೀಗತಿಯ ಮುಖ ನೋಡಲು ಧೈರ್ಯವಾಗಲಿಲ್ಲ.

"ಕಂಡೈತ್ರಿ ನನಗ" ಎಂದರು ಅವರು, ದಾರವನ್ನು ಹಲ್ಲಿನಿಂದ ಕಡಿದು. "ತೊಟ್ಟಿಲಕ್ಕ ಹಾಸಿದ ದಿನಾನ ಕಂಡಿತ್ತು."

"ಮತ್ತ ಹೇಳಲಿಲ್ಲಲ್ರೀ ಅಕ್ಕ!"

"ಹೇಳಾಕಂತ ಬಾಯಿ ತೆರದೆ. ಅಷ್ಟರಾಗ ಇದು ಅದರ ಮ್ಯಾಲೆ ತಲಿ ಇಟ್ಟು ನಿದ್ದ್ಯಾಗ ನಕ್ಕಿತು. ನಗೋ ಕೂಸಿನ ತಲಿ ಕೆಳಗಿಂದ ಹೆಂಗ ಎಳೀಲ್ರಿ? ಆಮ್ಯಾಲೆ ಒಂದು ಸೀನು ಬಂದ್ರೂ ನಾ ಅದನ್ನ ನೆನಸಿಕೊಂಡು ನಡುಗೀನಿ. ನಿಮಗ ಹೇಳಿದ್ರ ನೀವೂ ನಡುಗ್ತಿದ್ರಿ. ಒಬ್ರಿಗೇ ಇರಲಿ ಅಂತ ಬಿಟ್ಟೆ."

ಆಕೆಯ ಕೈಯನ್ನು ಹಿಡಿದುಕೊಂಡೆ. ಆದರೂ ರೂಢಿ ನೋಡಿ, ನನ್ನ ಇನ್ನೊಂದು ಕೈ ಆಗಲೇ ಕತ್ತರಿ ಹುಡುಕುತ್ತಿತ್ತು. ಒಂದೇ ಚಕ್ರ, ಬಿಚ್ಚಿ ಬೇರೆ ಕೂಡಿಸಿದರಾಯಿತು.

"ಏಳಬೇ, ಅದನ್ನ ಸರಿ ಮಾಡ್ತೀನಿ" ಎಂದೆ ಮೊಮ್ಮಗಳಿಗೆ.

ಅವಳು ಆಗಲೇ ಆ ಚಕ್ರದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆ ಕಚ್ಚಿ ಅ ತೀಡುತ್ತಿದ್ದಳು.

"ಏಳಂಗಿಲ್ಲ. ಇದು ನಂದು" ಎಂದಳು, ತಲೆ ಎತ್ತದೆ.

"ಕೂತ್ಕಳವ್ವ, ಕೂತ್ಕ" ಎಂದರು ಬೀಗತಿ.

ನಾನು ಕತ್ತರಿಯನ್ನು ಬುಟ್ಟಿಗೆ ಹಾಕಿದೆ.